ಗುರುವಾರ ಅಂಗಡಿ ಇಲ್ಲ: ಕಾರ್ಲ್ಸ್‌ರೂಹೆ ದಿನಚರಿ

ಕಾರ್ಲ್ಸ್‌ರೂಹೆ, ಜರ್ಮನಿ
15 ಜೂನ್ 2025, ಭಾನುವಾರ

ರಾತ್ರಿ ಒಂಬತ್ತಾದರೂ ಬೆಳಕಿದೆ. ಸೂರ್ಯ ಮುಳುಗುವುದು ಒಂಬತ್ತೂವರೆ ಹೊತ್ತಿಗೆ. ಊರಲ್ಲಿ ಮುಂಗಾರು, ಇಲ್ಲಿ ಬೇಸಿಗೆ. ಭಾನುವಾರವಾದ್ದರಿಂದ ಅಂಗಡಿಗಳೆಲ್ಲ ಬಂದ್. ಬೆಳಿಗ್ಗೆ ಕೆಲವು ಗಂಟೆ ಬೇಕರಿ ತೆರೆದಿರುತ್ತದೆ. ಆಮೇಲೆ ಏನಾದರೂ ಬೇಕಾದರೆ ರೈಲ್ವೆ ಸ್ಟೇಷನ್ನಿನೊಳಗಿನ ಅಂಗಡಿ, ಇಲ್ಲವೇ ಪೆಟ್ರೋಲ್ ಬಂಕ್. ಎರಡೂ ಕಡೆ ಬೆಲೆ ಜಾಸ್ತಿ.

ಈ ವಾರ ಅಂಥದೇ ಇನ್ನೊಂದು ದಿನ ಬರುತ್ತಿದೆ. 19ನೇ ತಾರೀಖು ಗುರುವಾರ ಫ್ರೋನ್‌ಲೈಖ್ನಾಮ್ ಎಂಬ ಕ್ಯಾಥೊಲಿಕ್ ಹಬ್ಬ. ಈ ರಜೆ ಇಡೀ ದೇಶಕ್ಕಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್, ಬವೇರಿಯಾದಂಥ ರಾಜ್ಯಗಳಲ್ಲಿದೆ, ಬರ್ಲಿನ್, ಹ್ಯಾಂಬರ್ಗ್‌ಗಳಲ್ಲಿಲ್ಲ. ಬರ್ಲಿನ್‌ನಲ್ಲಿರುವ ಗೆಳೆಯ "ನಮ್ಮಲ್ಲಿ ರಜೆ ಇಲ್ಲವಲ್ಲ" ಎಂದರೆ ಅದನ್ನು ಇಲ್ಲಿಗೆ ಅನ್ವಯಿಸಿಕೊಳ್ಳಬಾರದು. ಗುರುವಾರ ರಜೆ ಬಿತ್ತೆಂದರೆ ಶುಕ್ರವಾರವನ್ನೂ ಸೇರಿಸಿ ನಾಲ್ಕು ದಿನ ಊರಿಗೆ ಹೋಗುವುದು ಇಲ್ಲಿನವರ ರೂಢಿ. ಆ ಶುಕ್ರವಾರಕ್ಕೆ ಬ್ರೂಕೆನ್‌ಟಾಗ್, ಅಂದರೆ ಸೇತುವೆಯ ದಿನ ಎಂದು ಹೆಸರು. ನಮ್ಮ ಇಂಟರ್ನ್‌ಶಿಪ್ ನಡೆಯುವ ಪ್ರಯೋಗಾಲಯದ ಬಾಗಿಲು ತೆರೆದಿದ್ದರೂ ಯಂತ್ರ ನೋಡಿಕೊಳ್ಳುವ ತಂತ್ರಜ್ಞರು ಇರುವುದು ಅನುಮಾನ. ಆದ್ದರಿಂದ ಅವರ ಕೈ ಬೇಕಾದ ಕೆಲಸ ಏನಿದ್ದರೂ ಬುಧವಾರದೊಳಗೆ ಮುಗಿಯಬೇಕು.

ಹನ್ನೆರಡು ವಾರಕ್ಕೆಂದು ಬಂದವರಿಗೆ ನಾಲ್ಕು ದಿನ ಸಣ್ಣದಲ್ಲ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿಯ ವೈಸ್ ಎಂಬ ಇಂಟರ್ನ್‌ಶಿಪ್ ಕಾರ್ಯಕ್ರಮದಲ್ಲಿ ಭಾರತದ ಎಂಜಿನಿಯರಿಂಗ್, ವಿಜ್ಞಾನ ವಿದ್ಯಾರ್ಥಿಗಳು ಎರಡು ಮೂರು ತಿಂಗಳಿಗೆ ಬರುತ್ತಾರೆ. ಬೇರೆ ದಾರಿಯಲ್ಲಿ ಬರುವವರಿಗೂ ಕಾಲ ಹೆಚ್ಚುಕಡಿಮೆ ಅಷ್ಟೇ. ಆ ಕಾಲ ವಿಷಯ ಕಷ್ಟವಾಗಿ ಪೋಲಾಗುವುದು ಕಡಿಮೆ. ತಾರೀಖು, ಅಲ್ಪವಿರಾಮ, ಒಲೆ, ಬೀಗ ಇಂಥವುಗಳಲ್ಲೇ ಹೆಚ್ಚು ಹೋಗುತ್ತದೆ. ಮುಂದಿನ ವರ್ಷ ಬರುವವರಿಗೆ ಇವನ್ನು ಮೊದಲೇ ಹೇಳಿಬಿಟ್ಟರೆ ಎಷ್ಟೋ ದಿನ ಉಳಿಯುತ್ತವೆ ಎಂಬ ಕಾಳಜಿಯಿಂದ ಇವತ್ತಿನ ಪುಟ ಉದ್ದವಾಗಲಿದೆ.

ಮೊದಲು ತಾರೀಖು. ಮೇ 1ರಿಂದ ಜುಲೈ 31ರವರೆಗೆ ಎಂದರೆ ಬಾಯಿಮಾತಿಗೆ ಮೂರು ತಿಂಗಳು. ಬೆರಳು ಮಡಚಿ ಎಣಿಸಿದರೆ 92 ದಿನ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾದಲ್ಲಿ ಇರಬಹುದಾದದ್ದು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ, ಇಳಿದ ದಿನ ಮತ್ತು ಹೊರಟ ದಿನ ಎರಡೂ ಲೆಕ್ಕಕ್ಕೆ. ಪ್ರೊಫೆಸರು ಪತ್ರದಲ್ಲಿ ಮೇ, ಜೂನ್, ಜುಲೈ ಎಂದು ಬರೆದುಕೊಟ್ಟಾಗಲೇ ಎರಡು ದಿನ ಹೆಚ್ಚಾಗಿರುತ್ತದೆ. ಹನ್ನೆರಡು ವಾರ ಎಂದು ಬರೆಸಿಕೊಂಡರೆ 84 ದಿನ, ಓಡಾಟಕ್ಕೆ ಆರು ದಿನ ಕೈಯಲ್ಲಿ ಉಳಿಯುತ್ತದೆ. ವೀಸಾ ಚೀಟಿಯ ಮೇಲೆ ಎರಡು ಲೆಕ್ಕ ಇರುತ್ತವೆ. ಇಂಥ ದಿನದಿಂದ ಇಂಥ ದಿನದವರೆಗೆ ಎಂಬುದು ಒಂದು, ಒಟ್ಟು ಎಷ್ಟು ದಿನ ಎಂಬುದು ಇನ್ನೊಂದು. ಮೊದಲನೆಯದು ಉದ್ದವಿದ್ದರೂ ನಡೆಯುವುದು ಎರಡನೆಯದೇ. ವಿಮಾನದ ಟಿಕೆಟ್ ತೆಗೆಯುವ ಮೊದಲು ಆ ಸಂಖ್ಯೆ ನೋಡಿ. 90 ದಿನ ಮೀರುವುದೇ ಆದರೆ ಬೇಕಾದದ್ದು ರಾಷ್ಟ್ರೀಯ ವೀಸಾ. ಅದಕ್ಕೆ ಅರ್ಜಿ ಬೇರೆ, ಕಾಯುವ ಕಾಲವೂ ಬೇರೆ.

ಬಂದ ಮೇಲೆ ವಿಳಾಸ ನೋಂದಣಿ. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಹೊರದೇಶದಲ್ಲಿ ಮನೆ ಇದ್ದು ಮೂರು ತಿಂಗಳೊಳಗೆ ಹಿಂತಿರುಗುವವರಿಗೆ ಇದು ಕಡ್ಡಾಯವಲ್ಲ. ಹೆಚ್ಚು ಕಾಲ ಇರುವವರು ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು. ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರ ಇಲ್ಲದೆ ಕೌಂಟರಿನಲ್ಲಿ ಕೆಲಸ ಆಗುವುದಿಲ್ಲ, ಬಾಡಿಗೆ ಕರಾರು ತೋರಿಸಿದರೆ ಸಾಲದು. ನೋಂದಣಿ ಇಲ್ಲದವರಿಗೆ ಬ್ಯಾಂಕ್ ಖಾತೆ ತೆರೆಯುವುದೂ ಕಷ್ಟ. ಹಾಗಾಗಿ ವಿದ್ಯಾರ್ಥಿವೇತನ ಯಾವ ಖಾತೆಗೆ, ಯಾವ ದಿನ ಬರುತ್ತದೆ ಎಂಬುದನ್ನು ಹೊರಡುವ ಮೊದಲೇ ಇಮೇಲ್‌ನಲ್ಲಿ ಕೇಳಿ ತಿಳಿದುಕೊಳ್ಳಬೇಕು. ಮೊದಲ ತಿಂಗಳ ಬಾಡಿಗೆ, ಮುಂಗಡ, ಊಟದ ಖರ್ಚು ಇಷ್ಟು ಫಾರೆಕ್ಸ್ ಕಾರ್ಡಿನಲ್ಲಿ ಇರಲೇಬೇಕು.

ಬಾಡಿಗೆಯ ಮಾತು ಬಂತಲ್ಲ. ಇಲ್ಲಿ ಬೇಸಿಗೆ ಸೆಮಿಸ್ಟರಿನ ಪಾಠ ಜುಲೈ ಕೊನೆಯವರೆಗೂ ನಡೆಯುತ್ತದೆ, ಹಾಗಾಗಿ ಮೇ, ಜೂನ್‌ನಲ್ಲಿ ಖಾಲಿ ಕೋಣೆ ಸಿಗುವುದೇ ಕಷ್ಟ. ಆಗಸ್ಟ್‌ನಲ್ಲಿ ಬೇಕಾದಷ್ಟು ಸಿಗುತ್ತವೆ, ಆದರೆ ಅಷ್ಟರಲ್ಲಿ ನಾವು ಹೊರಟಿರುತ್ತೇವೆ. ಈ ಕೊರತೆಯನ್ನೇ ಮೋಸಗಾರರು ಬಳಸಿಕೊಳ್ಳುತ್ತಾರೆ. "ನಾನೀಗ ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳಿಸಿದರೆ ಬೀಗದ ಕೈ ಅಂಚೆಯಲ್ಲಿ ಕಳಿಸುತ್ತೇನೆ" ಎಂಬ ಮಾತು ಬಂದರೆ ಅಲ್ಲಿಗೇ ಬಿಡಿ. ವಿಡಿಯೋ ಕರೆಯಲ್ಲಿ ಕೋಣೆ ತೋರಿಸಲು ಒಪ್ಪದವರಿಗೆ ಒಂದು ಯೂರೋ ಕೂಡ ಕಳಿಸಬಾರದು. ಜಾಹೀರಾತಿನಲ್ಲಿ "ತಣ್ಣನೆ ಬಾಡಿಗೆ", "ಬೆಚ್ಚಗಿನ ಬಾಡಿಗೆ" ಎಂದು ಎರಡು ಇರುತ್ತವೆ. ನೀರು, ಹೀಟಿಂಗ್ ಸೇರಿದ್ದು ಎರಡನೆಯದು. ಕಾನೂನಿನ ಪ್ರಕಾರ ಮುಂಗಡ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ.

ಇನ್ನು ಬೀಗ. ಇಲ್ಲಿನ ಬಾಗಿಲಿಗೆ ಹೊರಗಡೆ ತಿರುಗದ ಗುಂಡು ಹಿಡಿ ಇರುತ್ತದೆ. ಎಳೆದುಕೊಂಡರೆ ಸಾಕು, ಮುಚ್ಚಿಕೊಳ್ಳುತ್ತದೆ, ಕೀ ಇಲ್ಲದೆ ತೆರೆಯುವುದಿಲ್ಲ. ಕಸ ಹಾಕಿ ಬರಲು ಹೋದವರೇ ಹೊರಗೆ ಸಿಕ್ಕಿಹಾಕಿಕೊಳ್ಳುವುದು ಹೆಚ್ಚು. ಭಾನುವಾರ ಬೀಗ ತೆಗೆಯುವವರನ್ನು ಕರೆಸಿದರೆ ದರ ಏರುತ್ತದೆ. ಹಾಸ್ಟೆಲಿನ ಕೀ ಕಳೆದರೆ ಇನ್ನೂ ದುಬಾರಿ, ಇಡೀ ಕಟ್ಟಡಕ್ಕೆ ಒಂದೇ ಬೀಗವ್ಯವಸ್ಥೆ ಇರುವ ಕಡೆ ಹಲವು ಬೀಗ ಬದಲಿಸುವ ಖರ್ಚು ನಮ್ಮ ತಲೆಗೆ ಬರಬಹುದು. ವಿಮೆ ಮಾಡಿಸುವಾಗ ಚಿಕಿತ್ಸೆಯ ವೆಚ್ಚ ಮಾತ್ರವಲ್ಲದೆ ಬೇರೆಯವರಿಗೆ ಮಾಡಿದ ಹಾನಿ, ಕಳೆದ ಕೀ ಇವೂ ಸೇರಿವೆಯೇ ಎಂದು ಓದಿ ನೋಡಿ.

ಪ್ರಯೋಗಾಲಯದಲ್ಲಿ ಎಲ್ಲಕ್ಕಿಂತ ಅಪಾಯದ್ದು ಅಲ್ಪವಿರಾಮ. ಜರ್ಮನ್ ಬರಹದಲ್ಲಿ ದಶಮಾಂಶಕ್ಕೆ ಕಾಮಾ, ಸಾವಿರಕ್ಕೆ ಚುಕ್ಕಿ. ಚೀಟಿಯಲ್ಲಿ 1,250 ಗ್ರಾಂ ಎಂದಿದ್ದರೆ ಅದು ಒಂದೂಕಾಲು ಗ್ರಾಂ, ನಮ್ಮ ಕಣ್ಣಿಗೆ ಸಾವಿರದ ಇನ್ನೂರೈವತ್ತಾಗಿ ಕಾಣುತ್ತದೆ. ಉಪಕರಣದಿಂದ ಬರುವ ಅಂಕಿಅಂಶಗಳ ಸಿಎಸ್‌ವಿ ಕಡತದಲ್ಲಿ ಅಂಕಣಗಳ ನಡುವೆ ಕಾಮಾ ಇರುವುದಿಲ್ಲ, ಸೆಮಿಕೋಲನ್ ಇರುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪಾಂಡಾಸ್‌ನಲ್ಲಿ ಓದಿಸುವಾಗ ವಿಭಜಕ ಸೆಮಿಕೋಲನ್, ದಶಮಾಂಶ ಕಾಮಾ, ಸಾವಿರಕ್ಕೆ ಚುಕ್ಕಿ ಎಂದು ಮೂರನ್ನೂ ಹೇಳಬೇಕು. ವಿಭಜಕ ತಪ್ಪಿದರೆ ಇಡೀ ಸಾಲು ಒಂದೇ ಅಂಕಣಕ್ಕೆ ಬಂದು ಕೂರುತ್ತದೆ, ತಪ್ಪು ಕೂಡಲೇ ಗೊತ್ತಾಗುತ್ತದೆ. ದಶಮಾಂಶದ ಕಾಮಾ, ಸಾವಿರದ ಚುಕ್ಕಿ ಎರಡನ್ನೂ ಹೇಳಲು ಮರೆತರೆ 1.250 ಎಂಬುದು ಒಂದೂಕಾಲಾಗಿ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಗ್ರಾಫ್ ಚೆನ್ನಾಗಿಯೇ ಬರುತ್ತದೆ, ಉತ್ತರ ಮಾತ್ರ ಸಾವಿರ ಪಟ್ಟು ತಪ್ಪು. ಎಕ್ಸೆಲ್ ಜರ್ಮನ್‌ನಲ್ಲಿದ್ದರೆ 1.5 ಎಂದು ಟೈಪ್ ಮಾಡಿದ್ದು ಮೇ 1 ಎಂಬ ತಾರೀಖಾಗಿ ಬದಲಾಗುತ್ತದೆ. ಯಾವ ಕಡತವಾದರೂ ಮೊದಲ ಹತ್ತು ಸಾಲನ್ನು ಉಪಕರಣದ ಪರದೆಯ ಜೊತೆ ಕಣ್ಣಾರೆ ತಾಳೆ ನೋಡಿದ ಮೇಲೆಯೇ ಮುಂದಿನ ಕೆಲಸ.

ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಅದಲುಬದಲು. ಪಾಸ್‌ವರ್ಡ್ ಮೂರು ಸಲ ತಪ್ಪಿ ಖಾತೆ ಲಾಕ್ ಆಗುವುದು ಹೀಗೆ. ಮೊದಲು ಬಳಕೆದಾರರ ಹೆಸರಿನ ಜಾಗದಲ್ಲಿ ಟೈಪ್ ಮಾಡಿ ಅಕ್ಷರ ನೋಡಿಕೊಂಡು, ಅಳಿಸಿ, ಆಮೇಲೆ ಪಾಸ್‌ವರ್ಡ್ ಹಾಕುವುದು ಕ್ಷೇಮ. ಪಕ್ಕದಲ್ಲಿ ಯಾರೂ ಇಲ್ಲದಾಗ, ಅಷ್ಟೇ. ಕೈಬರಹದ 1ಕ್ಕೆ ಇಲ್ಲಿನವರು ಉದ್ದನೆಯ ಮೂಗು ಎಳೆಯುತ್ತಾರೆ, ಅದು 7ರಂತೆ ಕಾಣುತ್ತದೆ. ನಿಜವಾದ 7ಕ್ಕೆ ನಡುವೆ ಅಡ್ಡಗೆರೆ ಇರುತ್ತದೆ. ಸೀಸೆಯ ಮೇಲಿನ ತಾರೀಖು, ಸಾಂದ್ರತೆ ಓದುವಾಗ ಆ ಅಡ್ಡಗೆರೆಯನ್ನೇ ಹುಡುಕಬೇಕು.

ಹೊತ್ತಿನ ಲೆಕ್ಕವೂ ಬೇರೆ. "ಹಾಲ್ಪ್ ಡ್ರೈ" ಎಂದರೆ ಮೂರೂವರೆ ಅಲ್ಲ, ಎರಡೂವರೆ. ನಾವು ಎರಡರ ಮೇಲೆ ಅರ್ಧ ಎನ್ನುತ್ತೇವೆ, ಅವರು ಮೂರನೆಯದರಲ್ಲಿ ಅರ್ಧ ಎನ್ನುತ್ತಾರೆ. ಉಪನ್ಯಾಸದ ಸೂಚನೆಯಲ್ಲಿ 14 ಗಂಟೆ ಸಿ.ಟಿ. ಎಂದಿದ್ದರೆ ಶುರುವಾಗುವುದು ಎರಡೂ ಕಾಲಿಗೆ, ಎಸ್.ಟಿ. ಎಂದಿದ್ದರೆ ಸರಿಯಾಗಿ ಎರಡಕ್ಕೆ. ಸಭೆಗಳನ್ನು ವಾರದ ಸಂಖ್ಯೆಯಲ್ಲಿ ಗೊತ್ತುಮಾಡುತ್ತಾರೆ. "ಕಾವೇ 27ರಲ್ಲಿ ವರದಿ ಕೊಡಿ" ಎಂದರೆ ವರ್ಷದ ಇಪ್ಪತ್ತೇಳನೇ ವಾರ. ನಾಳೆ ಶುರುವಾಗುವುದು 25ನೇ ವಾರ, ಹಾಗಾದರೆ 27 ಬರುವುದು ಜೂನ್ 30ಕ್ಕೆ. ಫೋನಿನ ಕ್ಯಾಲೆಂಡರಿನಲ್ಲಿ ವಾರದ ಸಂಖ್ಯೆ ಕಾಣುವಂತೆ ಇವತ್ತೇ ಮಾಡಿಕೊಳ್ಳಿ.

ಅಡುಗೆಮನೆ. ಕುಕ್ಕರ್ ತರುವ ಮೊದಲು ಅದರ ತಳಕ್ಕೆ ಅಯಸ್ಕಾಂತ ಹಚ್ಚಿ ನೋಡಿ. ಅಂಟಿದರೆ ಇಂಡಕ್ಷನ್ ಒಲೆಯಲ್ಲೂ ನಡೆಯುತ್ತದೆ. ಬರೀ ಅಲ್ಯೂಮಿನಿಯಂ ಆಗಿದ್ದರೆ ಇಂಡಕ್ಷನ್ ಮೇಲೆ ಬಿಸಿಯೇ ಆಗುವುದಿಲ್ಲ. ಹಾಸ್ಟೆಲುಗಳಲ್ಲಿ ಹೆಚ್ಚಾಗಿ ಇರುವುದು ಕಬ್ಬಿಣದ ತಟ್ಟೆಯ ವಿದ್ಯುತ್ ಒಲೆ. ಅದು ಕಾಯಲು ನಾಲ್ಕೈದು ನಿಮಿಷ ಬೇಕು, ಆರಿಸಿದ ಮೇಲೂ ಹತ್ತು ನಿಮಿಷ ಬಿಸಿ ಉಳಿಯುತ್ತದೆ. ಗ್ಯಾಸಿನ ಅಭ್ಯಾಸದಲ್ಲಿ ಅನ್ನ ಬೆಂದ ಮೇಲೆ ಗುಂಡಿ ತಿರುಗಿಸಿದರೆ ತಳ ಹತ್ತುವುದು ಖಂಡಿತ. ಒಂದು ಲೋಟ ಬಾಸ್ಮತಿಗೆ ಎರಡು ಲೋಟ ನೀರು, ಕುದಿ ಬಂದ ಮೇಲೆ ಮುಚ್ಚಳ, ಒಲೆ ಒಂದಕ್ಕಿಳಿಸಿ ಎಂಟು ನಿಮಿಷ, ಆಮೇಲೆ ಆರಿಸಿ ಅದೇ ತಟ್ಟೆಯ ಮೇಲೆ ಹತ್ತು ನಿಮಿಷ ಬಿಡಬೇಕು. ಸೂಪರ್‌ಮಾರ್ಕೆಟ್ಟಿನಲ್ಲಿ "ಮಿಲ್ಖ್‌ರೈಸ್" ಎಂದು ಅಗ್ಗಕ್ಕೆ ಸಿಗುವುದು ಪಾಯಸದ ಅಕ್ಕಿ, ಅನ್ನಕ್ಕೆ ಹಾಕಿದರೆ ಮುದ್ದೆಯಾಗುತ್ತದೆ. ತೊಗರಿಬೇಳೆ ಏಷ್ಯನ್ ಅಂಗಡಿಯಲ್ಲಿ ಮಾತ್ರ. ಕೆಂಪು ಮಸೂರ್ ಬೇಳೆ ಎಲ್ಲ ಕಡೆ ಸಿಗುತ್ತದೆ, ನೆನೆಸದೆ ಹದಿನೈದು ನಿಮಿಷಕ್ಕೆ ಬೇಯುತ್ತದೆ, ಸಾರಿಗೆ ಅದೇ ಸಾಕು.

ಒಗ್ಗರಣೆಯಲ್ಲಿ ಎಚ್ಚರ. ಮಲಗುವ ಕೋಣೆ, ಓಡಾಡುವ ಪಡಸಾಲೆಗಳಲ್ಲಿ ಹೊಗೆ ಪತ್ತೆಯ ಅಲಾರಂ ಇರಲೇಬೇಕೆಂಬುದು ಕಾನೂನು. ಒಣಮೆಣಸಿನಕಾಯಿ ಘಾಟೆದ್ದಾಗ ಎಲ್ಲರೂ ಮೊದಲು ಮಾಡುವುದು ಅಡುಗೆಮನೆಯ ಬಾಗಿಲು ತೆರೆಯುವುದು. ಹೊಗೆ ನೇರ ಪಡಸಾಲೆಗೆ ಹೋಗಿ ಅಲಾರಂ ಕೂಗುತ್ತದೆ. ಆದ್ದರಿಂದ ಬಾಗಿಲು ಮುಚ್ಚಿ, ಕಿಟಕಿಯನ್ನು ಪೂರ್ತಿ ತೆರೆದು, ಆಮೇಲೆ ಸಾಸಿವೆ ಹಾಕಬೇಕು.

ಸೂಟ್‌ಕೇಸಿನಲ್ಲಿ ತುಪ್ಪ, ಖೋವಾ, ಪನೀರ್ ಇಡಬೇಡಿ, ಐರೋಪ್ಯ ಒಕ್ಕೂಟಕ್ಕೆ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದಿಲ್ಲದೆ ತರಬಹುದಾದ ಹಣ್ಣುಗಳು ಐದೇ: ಬಾಳೆ, ತೆಂಗು, ಅನಾನಸ್, ಖರ್ಜೂರ, ದುರಿಯನ್. ಸಾರಿನ ಪುಡಿ, ಹುಣಸೆಹಣ್ಣು, ಎಣ್ಣೆಯ ಉಪ್ಪಿನಕಾಯಿಗೆ ತೊಂದರೆ ಇಲ್ಲ.

ಓಡಾಟಕ್ಕೆ ಡಾಯಿಚ್‌ಲಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು 2025ರಲ್ಲಿ 58 ಆಗಿತ್ತು. ದೇಶದ ಸ್ಥಳೀಯ ಬಸ್, ಟ್ರಾಮ್, ಪ್ರಾದೇಶಿಕ ರೈಲುಗಳಲ್ಲಿ ನಡೆಯುತ್ತದೆ, ದೂರದೂರಿನ ವೇಗದ ಐಸಿಇ, ಐಸಿ ರೈಲುಗಳಲ್ಲಿ ಇಲ್ಲ. ಇದು ಪ್ರತಿ ತಿಂಗಳು ತಾನಾಗಿ ಮುಂದುವರಿಯುವ ಚಂದಾ. ನಿಲ್ಲಿಸಲು ಆ ತಿಂಗಳ 10ರೊಳಗೆ ತಿಳಿಸಬೇಕು. ಜುಲೈ ಕೊನೆಗೆ ಹೊರಡುವವರು ಜುಲೈ 10ಕ್ಕೆ ಅಲಾರಂ ಇಟ್ಟುಕೊಳ್ಳದಿದ್ದರೆ ಆಗಸ್ಟ್ ದುಡ್ಡೂ ಹೋಗುತ್ತದೆ. ಟಿಕೆಟ್ ಇಲ್ಲದೆ ಸಿಕ್ಕರೆ ದಂಡ 60 ಯೂರೋ. ಎಂಜಿನಿಯರಿಂಗ್ ಓದುವವರು ಇಲ್ಲಿನ ಟ್ರಾಮನ್ನೇ ಒಮ್ಮೆ ಗಮನಿಸಿ ನೋಡಬೇಕು. ಊರೊಳಗೆ 750 ವೋಲ್ಟ್ ಡಿಸಿಯಲ್ಲಿ ಓಡುವ ಅದೇ ಗಾಡಿ ಊರಾಚೆ 15,000 ವೋಲ್ಟ್ ಎಸಿಯ ರೈಲುಹಳಿಗೆ ಏರುತ್ತದೆ. 1992ರಲ್ಲಿ ಬ್ರೆಟನ್ ಊರಿನವರೆಗೆ ಮೊದಲು ಹೀಗೆ ಓಡಿಸಿದರು, ಪ್ರಪಂಚವೆಲ್ಲ ಇದನ್ನು ಕಾರ್ಲ್ಸ್‌ರೂಹೆ ಮಾದರಿ ಎನ್ನುತ್ತದೆ. ಸೈಕಲ್ ಓಡಿಸುವವರು ಇದೇ ಟ್ರಾಮ್ ಹಳಿಯನ್ನು ಓರೆಯಾಗಿ ದಾಟಬಾರದು, ಚಕ್ರ ಸಂದಿಗೆ ಸಿಕ್ಕಿ ಬೀಳಿಸುತ್ತದೆ. ಆದಷ್ಟು ಅಡ್ಡಕ್ಕೆ ದಾಟಿ.

ಹಳಿಯಾಚೆ ಬ್ಲ್ಯಾಕ್ ಫಾರೆಸ್ಟ್ ಹತ್ತಿರ. ಕಾಡಿಗೆ ಹೋದರೆ ಉಣುಗು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿನ ಉಣುಗು ಹರಡುವ ಮೆದುಳುರಿಯೂತದ ವೈರಸ್, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್‌ನ ಕುಲದ್ದೇ. ಇದಕ್ಕೆ ಲಸಿಕೆ ಇದೆ. ಲೈಮ್ ಕಾಯಿಲೆ ಬೇರೆ, ಅದಕ್ಕೆ ಈ ಲಸಿಕೆ ನಡೆಯದು. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಬಂದ ಮೇಲೆ ಮೊಣಕಾಲ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿದ್ದರೆ ಎಣ್ಣೆ ಹಚ್ಚದೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ನಿಧಾನವಾಗಿ ಎಳೆಯಬೇಕು. ಆ ಜಾಗದ ಫೋಟೋ ತೆಗೆದಿಟ್ಟು, ಕೆಂಪು ಉಂಗುರ ಹರಡಿದರೆ ವೈದ್ಯರ ಬಳಿ ಹೋಗಿ. ರಾತ್ರಿ, ರಜೆಯ ದಿನ ವೈದ್ಯರಿಗೆ 116117, ಜೀವಕ್ಕೆ ಅಪಾಯವಿದ್ದರೆ 112.

ಸೆಖೆಯನ್ನು ಹಗುರವಾಗಿ ನೋಡಬೇಡಿ. 2003ರ ಆಗಸ್ಟ್‌ನಲ್ಲಿ ಈ ಊರಲ್ಲಿ 40.2 ಡಿಗ್ರಿ ದಾಖಲಾಗಿದೆ, ಕೋಣೆಯಲ್ಲಿ ಫ್ಯಾನೂ ಇರುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ಕಿಟಕಿ ಮುಚ್ಚಿ, ಹೊರಗಿನ ಉರುಳು ಪರದೆ ಇಳಿಸಿ ಹೋಗಬೇಕು, ರಾತ್ರಿ ಎಲ್ಲ ತೆರೆಯಬೇಕು.

ಮೂಲೆಯಲ್ಲಿ ಖಾಲಿ ಬಾಟಲಿಗಳಿವೆ. ಕೊಳ್ಳುವಾಗ ಠೇವಣಿ ಕಟ್ಟಿಸಿಕೊಳ್ಳದ ಗಾಜಿನವನ್ನು ಭಾನುವಾರ ಡಬ್ಬಿಗೆ ಹಾಕುವಂತಿಲ್ಲ, ಸದ್ದಾಗುತ್ತದೆ. ನಾಳೆ ಹಾಕಬಹುದು. ಠೇವಣಿ ಇರುವ, ಒಂದೇ ಸಲ ಬಳಸುವ ಪ್ಲಾಸ್ಟಿಕ್ಕಿನವನ್ನು ನಜ್ಜಿಸದೆ ಅಂಗಡಿಯ ಯಂತ್ರಕ್ಕೆ ಕೊಟ್ಟರೆ ಒಂದಕ್ಕೆ 25 ಸೆಂಟ್ ವಾಪಸ್ಸು. ನಜ್ಜಿದರೆ ಬಾರ್‌ಕೋಡ್ ಓದಲಾಗದೆ ಹೊರಗೆ ತಳ್ಳುತ್ತದೆ. ಚೀಟಿಯನ್ನು ಅದೇ ಅಂಗಡಿಯ ಕೌಂಟರಿನಲ್ಲಿ ಕೊಡಬೇಕು.

ಬುಧವಾರ ಸಂಜೆ ಎಂಟರೊಳಗೆ ತರಬೇಕಾದ್ದು: ಹಾಲು ಎರಡು ಲೀಟರ್, 3.5 ಪರ್ಸೆಂಟಿನ ಮೊಸರು, ಮಸೂರ್ ಬೇಳೆ ಅರ್ಧ ಕಿಲೋ, ಈರುಳ್ಳಿ, ಟೊಮೇಟೊ, ಬ್ರೆಡ್. ಬಾಟಲಿ ಚೀಲ ಮರೆಯಬಾರದು.