ರಾಕೆಟ್ ಗಡಿಯಾರ ಪ್ರಾಜೆಕ್ಟ್: ಆಂಡ್ರೊಮೆಡಾ ತನಕ ಬಂತು

ಹೋದ ಸಲ ಸೂರ್ಯನ್ನ ಬಿಟ್ರ ನಮಗ ಭಾಳ ಹತ್ರ ಇರೋ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ತನಕ ಲೆಕ್ಕ ಬಂದಿತ್ತು, ಈಗ ನಮ್ಮ ಆಕಾಶಗಂಗೆ ಹೊರಗಿನ ಆಂಡ್ರೊಮೆಡಾ ಗ್ಯಾಲಕ್ಸಿ ಮುಟ್ಟೇತಿ. ಹೊಸಬರಿಗೆ ಹೇಳ್ತೀನಿ, ಇದು ಪೈಥಾನ್‌ನ್ಯಾಗ ಬರದ ಸಣ್ಣ ಸಿಮ್ಯುಲೇಟರ್, ರಾಕೆಟ್ ಅರ್ಧ ದಾರಿ 1 ಜಿ ವೇಗೋತ್ಕರ್ಷದಾಗ ಓಡ್ತೈತಿ, ಅಂದ್ರ ಒಳಗಿದ್ದವರಿಗೆ ನಮ್ಮ ವಿಜಯಪುರದಾಗ ನೆಲದ ಮ್ಯಾಲ ನಿಂತಷ್ಟ ತೂಕ ಅನಸ್ತೈತಿ, ಆಮ್ಯಾಲ ಹಿಂದುಮುಂದಾಗಿ ತಿರುಗಿ ಉಳಿದ ಅರ್ಧ ದಾರಿ ಅಷ್ಟ ಜೋರಿಲೆ ಬ್ರೇಕ್ ಹಾಕ್ತೈತಿ. ಸ್ಕ್ರೀನ್ ಮ್ಯಾಲ ಎರಡು ಗಡಿಯಾರ, ನೌಕೆದೊಂದು ಭೂಮಿದೊಂದು, ಯಾಕಂದ್ರ ಬೆಳಕಿನ ವೇಗದ ಹತ್ರ ಓಡೋ ನೌಕೆಯಾಗ ಸಮಯ ಭೂಮಿಗಿಂತ ನಿಧಾನ ನಡೀತೈತಿ.

ಈ ಸಲದ ದೊಡ್ಡ ಕೆಲಸ ಅಂದ್ರ ಕೋಡ್‌ನಿಂದ ವೇಗ ಅನ್ನೋ ವೇರಿಯಬಲ್ ತಗದು ಆ ಜಾಗಾದಾಗ ರ್ಯಾಪಿಡಿಟಿ (ವೇಗಾನ ಅಳಿಯೋ ಇನ್ನೊಂದು ಅಳತಿ) ಇಟ್ಟಿದ್ದು. ಆಂಡ್ರೊಮೆಡಾದ ನಡುದಾರಿಯಾಗ ವೇಗ ಬೆಳಕಿನ ವೇಗದ 0.9999999999997 ಪಟ್ಟು ಇರ್ತೈತಿ, ಕಂಪ್ಯೂಟರ್ ಹಿಡಿಯೋದ ಸುಮಾರು 16 ಅಂಕಿ, ಸಮಯದ ಲೆಕ್ಕಕ್ಕ 1ರಾಗ ಅದನ್ನ ಕಳೀಬೇಕು, ಕಳದ್ರ ನಂಬೋವಂಥಾವು ಮೂರೋ ನಾಕೋ ಅಂಕಿ ಉಳಿತಾವ. ರ್ಯಾಪಿಡಿಟಿಗೆ ಮಿತಿನ ಇಲ್ಲ, ನೌಕೆ ಗಡಿಯಾರದ ಒಂದೊಂದು ವರ್ಷಕ್ಕ 1.03 ಕೂಡಿಕೋಂತ ಹೋಗ್ತೈತಿ, ವೇಗ ಬೇಕಂದ್ರ ಅದರ ಹೈಪರ್ಬಾಲಿಕ್ ಟ್ಯಾಂಜೆಂಟ್, ಸಮಯ ಎಷ್ಟು ಹಿಗ್ಗೇತಿ ಅನ್ನೋದಕ್ಕ ಹೈಪರ್ಬಾಲಿಕ್ ಕೊಸೈನ್ (ಎರಡೂ ಗಣಿತದ ಸಿದ್ಧ ಫಂಕ್ಷನ್), ಮುಗೀತು. ಇಡೀ ಪ್ರಾಜೆಕ್ಟ್‌ನ್ಯಾಗ ನನಗ ಭಾಳ ಚಂದ ಕಂಡಿದ್ದು ಇದ: ಹೊರಗಿಂದ ನೋಡಿದ್ರ ವೇಗ ಬೆಳಕಿನ ಹತ್ರ ಹೋಗಿ ತೆವಳ್ತೈತಿ, ಒಳಗ ಕುಂತವರ ಲೆಕ್ಕ ಮಾತ್ರ ದಿನಾ ಒಂದ ಸಮ ಏರ್ತೈತಿ.

ಬಂದ ಉತ್ತರ ನೋಡ್ರಿ. 4.24 ಜ್ಯೋತಿರ್ವರ್ಷದ ಪ್ರಾಕ್ಸಿಮಾಕ್ಕ ನೌಕೆಯಾಗ 3.5 ವರ್ಷ, ಭೂಮಿ ಮ್ಯಾಲ 5.9. ಆಕಾಶಗಂಗೆ ನಡುವಿಗೆ, 26,000 ಜ್ಯೋತಿರ್ವರ್ಷಕ್ಕ, ನೌಕೆಯಾಗ 20 ವರ್ಷನೂ ತುಂಬಂಗಿಲ್ಲ. 25 ಲಕ್ಷ ಜ್ಯೋತಿರ್ವರ್ಷದ ಆಂಡ್ರೊಮೆಡಾಕ್ಕ 28.7! ಭೂಮಿ ಮ್ಯಾಲ ಅಷ್ಟೊತ್ತಿಗೆ 25 ಲಕ್ಷ ವರ್ಷ ಹೋಗಿರ್ತಾವ. ಆದ್ರ ನನಗ ಪ್ರಾಕ್ಸಿಮಾದ್ದ ಹೆಚ್ಚು ತಟ್ತು, ಯಾಕಂದ್ರ ಅದು ಮನಿಷ್ಯಾನ ಅಳತಿಯಾಗ ಐತಿ: ಮಗಳು ಒಂದನೇ ಇಯತ್ತೆಗೆ ಸೇರಿದಾಗ ಹೊಂಟು, ಹೋದ ಕೂಡ್ಲೆ ತಿರುಗಿ ಬಂದ್ರ ಆಕಿ ಸೆಕೆಂಡ್ ಪಿಯುಸಿ ಮುಗಸಾಕತ್ತಿರ್ತಾಳ, ಅಪ್ಪಗ ಕಳದಿದ್ದು ಏಳ ವರ್ಷ.

ಗೆಳ್ಯಾ ಒಬ್ಬ, ಸಮಯ ಹಿಗ್ಗೋದು ಇದೆಲ್ಲ ಬರೇ ಪೇಪರ್ ಮ್ಯಾಲಿನ ಲೆಕ್ಕ ಏನು ಅಂದ. ಅಲ್ಲ, 1971ರಾಗ ಹಾಫೆಲೆ ಮತ್ತ ಕೀಟಿಂಗ್ ಅನ್ನೋ ಇಬ್ಬರು ವಿಜ್ಞಾನಿಗಳು ಪರಮಾಣು ಗಡಿಯಾರ ತಗೊಂಡು ವಿಮಾನದಾಗ ಭೂಮಿ ಸುತ್ತಿ ಬಂದ್ರು, ಪೂರ್ವಕ್ಕ ಹೋದಾಗ ಅವು ನೆಲದ ಮ್ಯಾಲಿನ ಗಡಿಯಾರಕ್ಕಿಂತ ಸುಮಾರು 59 ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿ ಪಾಲಿನ್ಯಾಗ 59 ಪಾಲು) ಹಿಂದ ಬಿದ್ದಿದ್ವು.

ಈಗ ಇಂಧನದ ಪೇಜ್ ಬರ್ಯಾಕತ್ತೀನಿ. ಇಂಧನ ಪೂರಾ ಬೆಳಕಾಗೋ ಆದರ್ಶ ಎಂಜಿನ್ ಹಿಡದ್ರೂ ಪ್ರಾಕ್ಸಿಮಾದಾಗ ಹೋಗಿ ನಿಲ್ಲಾಕ 1 ಕೆಜಿ ಸಾಮಾನಿಗೆ ಸುಮಾರು 38 ಕೆಜಿ ಬೇಕು, ಆಂಡ್ರೊಮೆಡಾಕ್ಕ ಅದು ಲಕ್ಷ ಕೋಟಿ ಕೆಜಿ ದಾಟ್ತೈತಿ, ಗ್ರಾಫ್‌ನ್ಯಾಗ ತೋರ್ಸಾಕ ಲಾಗ್ ಸ್ಕೇಲ್ (ಒಂದೊಂದು ಮೆಟ್ಟಲಕ್ಕ ಹತ್ತು ಪಟ್ಟು ಏರೋ ಅಳತಿ) ಹಾಕಬೇಕು. ಅದಾದ ಮ್ಯಾಲ ಭೂಮಿಯಿಂದ ವರ್ಷಕ್ಕೊಂದು ರೇಡಿಯೋ ಮೆಸೇಜ್ ಕಳಿಸಿದ್ರ ನೌಕೆಗೆ ಯಾವಾಗ ಯಾವಾಗ ಮುಟ್ತಾವ ಅನ್ನೋದು.