ಬಟ್ಟೆಯ ತಂತಿಗೆ ಜೋತ ಗೂಡು

ಮಾರ್ಚ್ ತಿಂಗಳ ಮೊದಲ ವಾರ, ಮೈಸೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ತಂತಿಗೆ ಒಣ ಎಲೆಯ ಚೂರು, ತೊಗಟೆಯ ಸಿಪ್ಪೆ, ಕಂಬಳಿಹುಳದ ಹಿಕ್ಕೆ ಎಲ್ಲವೂ ಜೇಡರಬಲೆಯಲ್ಲಿ ಸಿಕ್ಕಿಕೊಂಡಂತಿದ್ದ ಗೋಜಲೊಂದು ಜೋತಾಡುತ್ತಿತ್ತು. ಕಸವೆಂದೇ ತಿಳಿದು ನಾನು ಪೊರಕೆ ಎತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಅತ್ತೆಯವರು "ತಡಿಯೇ, ಅದರೊಳಗೇನೋ ಅಲ್ಲಾಡ್ತಿದೆ" ಎಂದು ಕೂಗಿದರು. ಸಣ್ಣ ಸೂರಿನಂತೆ ಚಾಚಿದ್ದ ಅಂಚಿನ ಕೆಳಗಿನ ಕಂಡಿಯಿಂದ ಬಾಗಿದ ಕೊಕ್ಕೊಂದು ಇಣುಕಿತು. ಅದು ಸೂರಕ್ಕಿಯ ಗೂಡು. ಶತ್ರುಗಳ ಕಣ್ಣಿಗೆ ಕಸದಂತೆ ಕಾಣಲೆಂದೇ ಆ ಪುಟ್ಟ ಹಕ್ಕಿ ಅದನ್ನು ಹಾಗೆ ಹೆಣೆದಿರುತ್ತದೆ.

ಐದು ಜನರ ಬಟ್ಟೆ ಒಣಗುವ ತಂತಿ ಅದೊಂದೇ. ಗೂಡನ್ನು ಪಕ್ಕದ ದಾಸವಾಳದ ಗಿಡಕ್ಕೆ ಕಟ್ಟಿಬಿಡೋಣ ಎಂಬ ಸಲಹೆ ಮನೆಯೊಳಗೆ ಬಂತಾದರೂ ನಾನು ಒಪ್ಪಲಿಲ್ಲ. ಮೊಟ್ಟೆಯಿರುವ ಗೂಡು ಕೆಲವೇ ಅಡಿ ಸರಿದರೂ ತಾಯಿಹಕ್ಕಿ ಅದನ್ನು ತೊರೆದುಬಿಡಬಹುದು. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡನ್ನು ಕೆಣಕುವುದನ್ನೂ ಬೇಟೆ ಎಂಬ ಪದದ ಅರ್ಥದೊಳಗೇ ಸೇರಿಸಿದೆ. ಬಟ್ಟೆಗಳು ತಾರಸಿಗೆ ಹೋದವು.

ನನ್ನನ್ನು ನಿಜವಾಗಿ ಕಾಡಿದ್ದು ತಂತಿ ಕಟ್ಟಿದ್ದ ಮೊಳೆ. ತುಕ್ಕು ಹಿಡಿದು ಗೋಡೆಯಿಂದ ಅರ್ಧ ಹೊರಬಂದಿದ್ದ ಅದು ಕಿತ್ತುಬಂದರೆ ಗೂಡು ನೇರವಾಗಿ ಒಗೆಯುವ ಕಲ್ಲಿನ ಮೇಲೆ ಬೀಳುತ್ತಿತ್ತು. ಸುತ್ತಿಗೆಯ ಪೆಟ್ಟು ತಂತಿಯುದ್ದಕ್ಕೂ ಅದುರುವುದರಿಂದ ಹೊಸ ಮೊಳೆ ಹೊಡೆಯುವಂತಿರಲಿಲ್ಲ. ಕಾವು ಕೊಡುವ ಕೆಲಸ ಹೆಣ್ಣಿನದೊಂದೇ ಆದ್ದರಿಂದ ಅದು ಆಗಾಗ ಮೇವಿಗೆ ಹೊರಡಲೇಬೇಕು. ಹಾಗೆ ಹೊರಟ ಒಂದು ಬೆಳಿಗ್ಗೆ ತಂತಿಯ ತುದಿಗೆ ತೆಂಗಿನ ನಾರಿನ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಒಳಗೆ ಬಂದೆ. ಹಕ್ಕಿ ಹಿಂತಿರುಗಿ, ದಾಸವಾಳದ ಕೊಂಬೆಯ ಮೇಲೆ ಬಹಳ ಹೊತ್ತು ಕುಳಿತು, ಕಡೆಗೆ ಗೂಡು ಹೊಕ್ಕಾಗ ನನಗೆ ಕಣ್ಣು ತುಂಬಿ ಬಂತು.

ಎರಡು ಮರಿಗಳಾದವು. ಗಂಡೂ ಹೆಣ್ಣೂ ಜೇಡ, ಹುಳುಗಳನ್ನು ತಂದು ಉಣಿಸುತ್ತಿದ್ದವು. ಒಂದು ಸಂಜೆಯ ಗಾಳಿಮಳೆಗೆ ಒಂದು ಮರಿ ಕೆಳಗೆ ಬಿತ್ತು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ಮಾತು ನಮ್ಮಲ್ಲಿ ಬಲವಾಗಿದೆ, ಅದು ನಿಜವಲ್ಲ. ಮರಿಯನ್ನು ಅಂಗೈಯಲ್ಲಿ ಎತ್ತಿ ಕಂಡಿಯೊಳಗೆ ಮೆಲ್ಲನೆ ಇಳಿಸಿದೆ. ಕತ್ತಲಾಗುವ ಮುನ್ನವೇ ತಾಯಿ ಬಂದು ಎರಡಕ್ಕೂ ಗುಟುಕು ಕೊಟ್ಟಿತು. ಅಂದಿನಿಂದ ಕೆಂಬೂತವೊಂದು ಬೇಲಿಯ ಬಳಿ ಸುಳಿದಾಗಲೆಲ್ಲ ಅತ್ತೆಯವರು ಸೊಪ್ಪು ಬಿಡಿಸುವ ನೆಪದಲ್ಲಿ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು.

ಏಪ್ರಿಲ್ ಎರಡನೆಯ ವಾರದ ಒಂದು ಬೆಳಿಗ್ಗೆ ಅವರೇ ನನ್ನನ್ನು ಕರೆದರು. ಗೂಡು ಬರಿದಾಗಿತ್ತು, ದಾಸವಾಳದ ಗಿಡದಲ್ಲಿ ಎರಡು ಮರಿಗಳು ಒತ್ತಾಗಿ ಕುಳಿತು ಬಾಯ್ದೆರೆದು ಕೂಗುತ್ತಿದ್ದವು.