ಸಿಗ್ನಲ್‌ನಲ್ಲಿ ಆಫ್ ಆಗುವ ಇಂಜಿನ್ ಮತ್ತು ನನ್ನ ಬಲಗಾಲು

ಅಮ್ಮ ಮೊದಲ ಸಲ ಈ ಕಾರಲ್ಲಿ ಕೂತಾಗ ಸಿಗ್ನಲ್ ಹತ್ತಿರ ಇಂಜಿನ್ ತಟ್ಟನೆ ನಿಂತಿತು. "ಯಾಕೋ, ಪೆಟ್ರೋಲ್ ಹಾಕಿಸಿಲ್ವಾ?" ಅಂದರು. ಅದು ಹಾಗೇ ಅಮ್ಮಾ, ಆಟೋ ಸ್ಟಾರ್ಟ್-ಸ್ಟಾಪ್ ಅಂತ, ಪೆಟ್ರೋಲ್ ಉಳಿಸೋಕೆ ನಿಂತಾಗ ತಾನೇ ಆಫ್ ಆಗುತ್ತದೆ, ಬ್ರೇಕ್ ಬಿಟ್ಟರೆ ತಾನೇ ಸ್ಟಾರ್ಟ್ ಆಗುತ್ತದೆ ಅಂದೆ. ಬಿಟ್ಟೆ. ಸ್ಟಾರ್ಟ್ ಆಯ್ತು, ಜೊತೆಗೆ ಒಂದು ಜರ್ಕ್ ಕೂಡ ಹೊಡೆಯಿತು. ಅಮ್ಮನ ಮಡಿಲಲ್ಲಿದ್ದ ಹೂವಿನ ಪೊಟ್ಟಣ ಕೆಳಗೆ!

ನನ್ನದು ಆಟೋಮ್ಯಾಟಿಕ್. ಎರಡು ನಿಮಿಷದ ಸಿಗ್ನಲ್‌ನಲ್ಲಿ ಇಂಜಿನ್ ಆಫ್ ಆದರೆ ಖುಷಿಯೇ. ಆದರೆ ಸಿಲ್ಕ್ ಬೋರ್ಡ್ ಕಡೆ ಸಂಜೆ ಏನಾಗುತ್ತದೆ ಗೊತ್ತಲ್ಲ, ನಿಲ್ಲೋದು, ಆರಡಿ ಹೋಗೋದು, ಮತ್ತೆ ನಿಲ್ಲೋದು, ಅಷ್ಟರಲ್ಲಿ ಇಂಜಿನ್ ಇನ್ನೇನು ಆಫ್ ಆಗುತ್ತಿದೆ ಅನ್ನುವಾಗಲೇ ಮುಂದಿನವನು ಹೊರಟಿರುತ್ತಾನೆ, ಹಿಂದಿನವನು ಹಾರ್ನ್ ಶುರು ಮಾಡಿರುತ್ತಾನೆ.

ಸ್ಟಾರ್ಟರ್ ಮೋಟಾರ್ ಸರಿ ಇಲ್ಲ ಅಂತ ಬಹಳ ದಿನ ಅದನ್ನೇ ಬೈದುಕೊಂಡೆ. ಆಮೇಲೆ ತಿಳಿಯಿತು, ಅರ್ಧ ಕಥೆ ಗೇರ್‌ಬಾಕ್ಸ್‌ನದ್ದು. ನನ್ನ ಕಾರಿನಂಥ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ, ಇಂಜಿನ್ ಶಕ್ತಿಯನ್ನು ಚಕ್ರಗಳ ಕಡೆ ದಾಟಿಸುವ ಕ್ಲಚ್‌ಗಳನ್ನು ಒತ್ತಿ ಹಿಡಿಯೋದು ಆಯಿಲ್ ಪ್ರೆಶರ್. ಆ ಆಯಿಲ್ ಪಂಪ್ ತಿರುಗೋದು ಇಂಜಿನ್‌ನಿಂದ. ಇಂಜಿನ್ ನಿಂತರೆ ಪಂಪೂ ನಿಂತಿತು, ಪ್ರೆಶರೂ ಇಳಿಯಿತು. ಮತ್ತೆ ಸ್ಟಾರ್ಟ್ ಆದಾಗ ಪ್ರೆಶರ್ ಏರುವ ಮೊದಲೇ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಸುಮ್ನೆ ಕೂಗಿಕೊಳ್ಳುತ್ತದೆ, ಆಮೇಲೆ ಕ್ಲಚ್ ಗಪ್ಪನೆ ಹಿಡಿಯುತ್ತದೆ. ಅದೇ ಜರ್ಕ್. ಇದಕ್ಕೇ ಕೆಲವು ಕಾರುಗಳಲ್ಲಿ ಕರೆಂಟಿನಿಂದ ಓಡುವ ಇನ್ನೊಂದು ಚಿಕ್ಕ ಪಂಪ್ ಇಡುತ್ತಾರೆ. ಗೇರ್‌ಬಾಕ್ಸ್ ಮಾಡುವ ಜರ್ಮನಿಯ ಜೆಡ್‌ಎಫ್ ಕಂಪನಿಯವರ 8 ಗೇರಿನ ಬಾಕ್ಸ್‌ನಲ್ಲಿ ಸ್ವಲ್ಪ ಆಯಿಲ್ ಕೂಡಿಟ್ಟುಕೊಂಡು, ಸ್ಟಾರ್ಟ್ ಆದ ಕೂಡಲೇ ಅದನ್ನು ಒಳಗೆ ತಳ್ಳುವ ಉಪಾಯವಿದೆ.

ಇನ್ನರ್ಧ ಮನಸ್ಸು ಬದಲಾಯಿಸುವ ಸಮಸ್ಯೆ. ಇಂಜಿನ್ ನಿಲ್ಲುತ್ತಾ ಇದೆ, ಇನ್ನೂ ಪೂರ್ತಿ ನಿಂತಿಲ್ಲ, ಆಗಲೇ ನೀವು ಬ್ರೇಕ್ ಬಿಟ್ಟಿರಿ ಅಂದುಕೊಳ್ಳಿ. ಮಾಮೂಲಿ ಸ್ಟಾರ್ಟರ್‌ನ ಪುಟ್ಟ ಹಲ್ಲುಚಕ್ರ, ಇಂಜಿನ್ ಜೊತೆ ತಿರುಗುತ್ತಿರುವ ದೊಡ್ಡ ಚಕ್ರಕ್ಕೆ (ಫ್ಲೈವೀಲ್) ಸುಲಭವಾಗಿ ಕೂರುವುದಿಲ್ಲ, ಪೂರ್ತಿ ನಿಲ್ಲುವ ತನಕ ಕಾಯಬೇಕು. ಆ ಕಾಯುವಿಕೆಯೇ ಹಿಂದಿನವನ ಹಾರ್ನ್. 2015ರಲ್ಲಿ ಮಾರುತಿ ಸಿಯಾಜ್‌ನಲ್ಲಿ ಬಂದಂಥ ಬೆಲ್ಟ್ ಸ್ಟಾರ್ಟರ್‌ಗೆ ಈ ತಾಪತ್ರಯ ಕಡಿಮೆ. ಬೆಲ್ಟ್ ಯಾವಾಗಲೂ ಇಂಜಿನ್‌ಗೆ ಸುತ್ತಿಕೊಂಡೇ ಇರುತ್ತದೆ, ಹಲ್ಲು ಕೂರಿಸುವ ಕೆಲಸವೇ ಇಲ್ಲ.

ಈಗ ನಾನು ಎಲ್ಲಾ ಕಾಲಲ್ಲೇ ನಿಭಾಯಿಸುತ್ತೇನೆ. ನನ್ನ ಕಾರಲ್ಲಿ ಬ್ರೇಕನ್ನು ಮೆತ್ತಗೆ, ಗಾಡಿ ನಿಲ್ಲುವಷ್ಟೇ ಒತ್ತಿದರೆ ಇಂಜಿನ್ ಆಫ್ ಆಗುವುದಿಲ್ಲ. ಇನ್ನೂ ಒಂದು ಬೆರಳಷ್ಟು ಕೆಳಗೆ ಒತ್ತಿದರೆ ಆಫ್. ಸಿಗ್ನಲ್ ಟೈಮರ್ 90 ಅಂತ ತೋರಿಸಿದರೆ ಜೋರಾಗಿ ಒತ್ತುತ್ತೇನೆ, 3ಕ್ಕೆ ಬಂದಾಗ ಕಾಲನ್ನು ಪೂರ್ತಿ ಬಿಡದೆ ಸ್ವಲ್ಪ ಸಡಿಲ ಮಾಡುತ್ತೇನೆ. ಇಂಜಿನ್ ಎದ್ದು ಕೂರುತ್ತದೆ, ಪ್ರೆಶರ್ ಬರುತ್ತದೆ, ಗಾಡಿ ನಿಂತೇ ಇರುತ್ತದೆ. ಹಸಿರು ಬಂದಾಗ ಬಿಟ್ಟರೆ ಜರ್ಕ್ ಇಲ್ಲ. ಎಲ್ಲಾ ಕಾರೂ ಹೀಗೇ ಅಲ್ಲ, ನಿಮ್ಮದನ್ನು ಖಾಲಿ ರಸ್ತೆಯಲ್ಲಿ ಒಮ್ಮೆ ನೋಡಿಕೊಳ್ಳಿ. ಭಾವನದ್ದು ಮ್ಯಾನ್ಯುವಲ್, ಅವರಿಗೆ ಈ ಸರ್ಕಸ್ಸೇ ಬೇಡ. ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ಟರೆ ಆಫ್, ಕ್ಲಚ್ ಒತ್ತಿದರೆ ಸ್ಟಾರ್ಟ್.

ಅಂದಹಾಗೆ, ಬ್ಯಾಟರಿ ವಿಷಯದಲ್ಲಿ ಜಿಪುಣತನ ಮಾಡಿ ನಾನು ಕೆಟ್ಟೆ. ಇದಕ್ಕೆ ಪದೇಪದೇ ಸ್ಟಾರ್ಟ್ ಆಗೋದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಅನ್ನುವ ಜಾತಿಯ ಬ್ಯಾಟರಿ ಬೇಕು. ಪಕ್ಕದ ರಸ್ತೆಯ ಅಂಗಡಿಯವನು "ಎಲ್ಲಾ ಒಂದೇ ಸರ್" ಅಂತ ಮಾಮೂಲಿ ಬ್ಯಾಟರಿ ಕೂರಿಸಿದ. ನಾಲ್ಕು ತಿಂಗಳಿಗೆ ಈ ಸಿಸ್ಟಮ್ ಕೆಲಸ ಮಾಡುವುದನ್ನೇ ಬಿಟ್ಟಿತು.

ಈಗಲೂ ಬೇಜಾರು ಒಂದೇ. ಎ ಅಕ್ಷರದ ಸುತ್ತ ಬಾಣ ಇರುವ ಆ ಬಟನ್ ಒತ್ತಿ ಈ ಸಿಸ್ಟಮನ್ನು ಎಷ್ಟು ಸಲ ಆಫ್ ಮಾಡಿದರೂ, ಮುಂದಿನ ಸಲ ಗಾಡಿ ತೆಗೆದಾಗ ಮತ್ತೆ ಆನ್ ಆಗಿರುತ್ತದೆ. ಸೀಟ್ ಬೆಲ್ಟ್ ಹಾಕಿದ ಮೇಲೆ ಬೆರಳು ತಾನಾಗೇ ಅಲ್ಲಿಗೆ ಹೋಗುತ್ತದೆ, ಸಿಲ್ಕ್ ಬೋರ್ಡ್ ದಾಟಬೇಕಾದ ದಿನವಂತೂ ಕೀ ತಿರುಗಿಸುವ ಮೊದಲೇ.